ಬೆಣ್ಣೆ ಸಿಸ್ಟರ್ ಕೈಗುಣ

ಸುಟ್ಟಗಾಯದ ವಾರ್ಡಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ರೋಗಿಗಳಿಂದ ಹಿಡಿದು ನೆಲ ಒರೆಸುವ ಆಯಾಳವರೆಗೆ ಎಲ್ಲರ ಬಾಯಲ್ಲೂ ಅವಳು ಬೆಣ್ಣೆ ಸಿಸ್ಟರ್. ಗಾಯಕ್ಕೆ ಕಚ್ಚಿಕೊಂಡ ಬಟ್ಟೆಯನ್ನು ಇವಳು ಬಿಡಿಸಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗಿರುತ್ತದೆ ಎಂದು ಹಿಂದೆ ಯಾವಾಗಲೋ ಒಬ್ಬ ಅಜ್ಜಿ ಹೇಳಿದ್ದೇ ಹೇಳಿದ್ದು, ಹೆಸರು ಅಂಟಿಕೊಂಡಿತು. ಎಂಥೆಂಥದ್ದನ್ನೋ ನೋವಾಗದಂತೆ ಬಿಡಿಸುವ ಆ ಆಸ್ಪತ್ರೆಯಲ್ಲಿ ಒಂದು ಅಡ್ಡಹೆಸರನ್ನು ಬಿಡಿಸುವ ಔಷಧಿ ಮಾತ್ರ ಇರಲಿಲ್ಲ.

ಮೂರನೆಯ ಸಲ ವರ್ಗಾವಣೆಯ ಅರ್ಜಿಯನ್ನು ತಂದು ಮೇಜಿನ ಮೇಲಿಟ್ಟಾಗ ದೊಡ್ಡ ಸಿಸ್ಟರ್ ಅದನ್ನು ಓದುವ ಗೋಜಿಗೇ ಹೋಗಲಿಲ್ಲ. ದೊಡ್ಡ ಸಿಸ್ಟರ್ ಅಂದರೆ ಆ ವಾರ್ಡಿನ ಮುಖ್ಯಸ್ಥೆ. ತೆಳ್ಳಗಿನ ಹೆಂಗಸು, ನಗುವುದನ್ನು ನಿವೃತ್ತಿಯ ನಂತರಕ್ಕೆ ಎತ್ತಿಟ್ಟವರಂತೆ ಕಾಣುತ್ತಿದ್ದರು. ಹಾಗೆಂದು ಕೆಟ್ಟವರಲ್ಲ. ಯಾರ ಮೇಲೂ ಹಾರಾಡಿದವರಲ್ಲ, ಯಾರ ರಜೆಯನ್ನೂ ಸುಮ್ಮಸುಮ್ಮನೆ ನಿರಾಕರಿಸಿದವರಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಹಿಡಿದ ಪಟ್ಟು ಬಿಡುತ್ತಿರಲಿಲ್ಲ.

"ಮತ್ತೆ ಕಣ್ಣಿನ ವಿಭಾಗಾನಾ?"

"ಹೌದು ಮೇಡಂ."

"ನೀನು ಹೋದ್ರೆ ಇಲ್ಲಿ ಡ್ರೆಸ್ಸಿಂಗ್ ಯಾರು ಮಾಡ್ತಾರೆ?"

"ಯಾರಾದ್ರೂ ಮಾಡ್ತಾರೆ. ನಾನು ಬರೋಕೆ ಮುಂಚೆ ಮಾಡ್ತಿರ್ಲಿಲ್ವಾ?"

"ಮಾಡ್ತಿದ್ರು. ಗೇಟಿನವರೆಗೂ ಕೇಳಿಸ್ತಿತ್ತು." ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡು, ರೋಗಿಗಳು ನಿನ್ನನ್ನೇ ಕೇಳ್ತಾರೆ. ಡಾಕ್ಟರೂ ನಿನ್ನನ್ನೇ ಕೇಳ್ತಾರೆ. ಕೈಗುಣ ಅನ್ನೋದು ಎಲ್ಲರಿಗೂ ಬರಲ್ಲ. ಬಂದವರು ಅದನ್ನ ಬಿಟ್ಟು ಎಲ್ಲೋ ಕೂತ್ಕೊಂಡು ಕಣ್ಣಿಗೆ ಹನಿ ಹಾಕ್ತೀನಿ ಅಂದ್ರೆ ನಾನು ಹೇಗೆ ಒಪ್ಲಿ, ಹೇಳು?"

ಇದಕ್ಕಿಂತ ಅನ್ಯಾಯ ಇನ್ನೇನಿದೆ! ಔಷಧಿಯ ಟ್ರೇಯನ್ನು ಪದೇ ಪದೇ ಕೈತಪ್ಪಿ ಬೀಳಿಸುತ್ತಿದ್ದ ಒಬ್ಬಳನ್ನು ಕೇಳಿದ ಕೂಡಲೇ, ಪೀಡೆ ತೊಲಗಿತು ಎಂಬಂತೆ, ಅದೇ ಕಣ್ಣಿನ ವಿಭಾಗಕ್ಕೆ ಕಳಿಸಿಕೊಟ್ಟಿದ್ದರು. ಅವಳೀಗ ಅಲ್ಲಿ ತಣ್ಣಗಿನ ಕೋಣೆಯಲ್ಲಿ ಕೂತು "ಮೇಲೆ ನೋಡಿ, ಕೆಳಗೆ ನೋಡಿ" ಅನ್ನುತ್ತ ಆರಾಮಾಗಿದ್ದಾಳೆ. ಚೆನ್ನಾಗಿ ಕೆಲಸ ಮಾಡಿದವಳಿಗೆ ಇನ್ನಷ್ಟು ಕೆಲಸವೇ ಬಹುಮಾನ. ಇದು ಆ ಆಸ್ಪತ್ರೆಯೊಂದರ ಕಥೆಯಲ್ಲ ಬಿಡಿ, ಸಂಬಳ ಕೊಡುವ ಕಡೆಯಲ್ಲೆಲ್ಲ ನಡೆಯುವುದೇ.

ಯಾಕೆ ಹೋಗಬೇಕು ಎಂದು ದೊಡ್ಡ ಸಿಸ್ಟರ್ ಕೇಳಲಿಲ್ಲ, ಬೆಣ್ಣೆ ಸಿಸ್ಟರೂ ಹೇಳಲಿಲ್ಲ. ಹೇಳುವುದಾದರೂ ಹೇಗೆ? ಮೈ ಸರಿಯಿಲ್ಲ ಎಂದರೆ ಡಾಕ್ಟರ ಚೀಟಿ ಕೇಳುತ್ತಾರೆ. ಇವಳಿಗೆ ಮೈ ಕೆಟ್ಟಿರಲಿಲ್ಲ.

ಆದದ್ದು ಇಷ್ಟು. ಆ ವಾರ್ಡಿಗೆ ಬಂದ ಹೊಸದರಲ್ಲಿ ಡ್ರೆಸ್ಸಿಂಗ್ ಕೋಣೆಯ ಕಿರುಚಾಟ ಕೇಳಿ ಅವಳಿಗೆ ಊಟ ಸೇರುತ್ತಿರಲಿಲ್ಲ. ಆಮೇಲೆ ಅಲ್ಲಿ ಕೆಲಸ ಮಾಡುವವರೆಲ್ಲ ಕಲಿಯುವ ಒಂದು ವಿದ್ಯೆಯನ್ನು ಅವಳೂ ಕಲಿತಳು. ಗ್ಲೌಸು ಹಾಕಿಕೊಳ್ಳುವಾಗಲೇ ಕಿವಿಯೊಳಗೆ ಅಂಗಡಿಯ ಶಟರ್ ಎಳೆದಂತೆ ಏನನ್ನೋ ಎಳೆದುಕೊಂಡುಬಿಡುವುದು. ಮಾತು ಕೇಳುತ್ತದೆ, ನೋವು ಕೇಳುವುದಿಲ್ಲ. ಕೈ ನಡುಗುವುದಿಲ್ಲ, ಕೆಲಸ ಕೆಡುವುದಿಲ್ಲ. ಸಂಜೆ ಗ್ಲೌಸು ಬಿಚ್ಚಿದರೆ ಶಟರೂ ಮೇಲೆ ಹೋಗುತ್ತಿತ್ತು. ವರ್ಷಗಳ ಮೇಲೆ ವರ್ಷ ಉರುಳಿದಂತೆ ಅದು ಅರ್ಧಕ್ಕೆ ನಿಲ್ಲತೊಡಗಿತು. ಈಗೀಗ ಅಲುಗುತ್ತಲೇ ಇರಲಿಲ್ಲ.

ಗೊತ್ತಾದದ್ದು ಮನೆಯಲ್ಲಿ. ಒಂದು ಭಾನುವಾರ, ಐದನೇ ತರಗತಿಯ ಮಗಳು ತಾನೇ ಚಹಾ ಸೋಸುತ್ತೇನೆಂದು ಹೋಗಿ ಮೊಣಕೈವರೆಗೂ ಚೆಲ್ಲಿಕೊಂಡಳು. ತಾಯಿ ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು, ಹಿಡಿಯಬೇಕಾದಷ್ಟು ಹೊತ್ತು ಹಿಡಿದಳು, ಬೆಳಕಿಗೆ ತಿರುಗಿಸಿ ನೋಡಿದಳು, ಗುಳ್ಳೆ ಏಳುವಂಥದ್ದಲ್ಲ ಎಂದು ಖಾತ್ರಿ ಮಾಡಿಕೊಂಡು ತೆಳು ಬಟ್ಟೆ ಸುತ್ತಿದಳು. "ಏನೂ ಆಗಿಲ್ಲ, ಹೋಗಿ ಕೂತ್ಕೋ" ಅಂದಳು. ಒಂದು ಕೂದಲೆಳೆಯಷ್ಟೂ ತಪ್ಪಿಲ್ಲದ ಚಿಕಿತ್ಸೆ. ಆಮೇಲೆ ಮಂಚದ ಮೇಲೆ ರಾಶಿ ಬಿದ್ದಿದ್ದ ಒಗೆದ ಬಟ್ಟೆ ಮಡಚುತ್ತ ಕೂತಳು. ಸ್ವಲ್ಪ ಹೊತ್ತಿಗೆ ಅತ್ತೆ ಸೊಂಟ ಹಿಡಿದುಕೊಂಡು ಒಳಕೋಣೆಯಿಂದ ಬಂದರು.

"ಅಲ್ಲ ಕಣೇ, ಮಗು ಆಗಿಂದ ಬಿಕ್ಕಿಬಿಕ್ಕಿ ಅಳ್ತಾ ಇದೆ, ನಿನ್ನ ಬೆನ್ನ ಹಿಂದೇನೇ ನಿಂತಿದೆ. ನಿಂಗೆ ಕಿವಿ ಇದೆಯೋ ಇಲ್ಲವೋ?"

ತಿರುಗಿ ನೋಡಿದಳು. ಮಗಳು ನಿಜವಾಗಿಯೂ ಅಲ್ಲೇ ನಿಂತಿದ್ದಳು, ಮುಖವೆಲ್ಲ ಒದ್ದೆ.

ಆ ದಿನದಿಂದ ಮಗಳು ಬಿದ್ದರೂ ಎದ್ದರೂ ಓಡುವುದು ಅಜ್ಜಿಯ ಹತ್ತಿರ. ಒಮ್ಮೆ ಬಾಗಿಲಲ್ಲಿ ಬೆರಳು ಸಿಕ್ಕಿಸಿಕೊಂಡಾಗ ಅಪ್ಪ, "ಅಮ್ಮನಿಗೆ ತೋರ್ಸು ಹೋಗು" ಅಂದ. "ಅಮ್ಮನಿಗೆ ಯಾಕೆ? ಪಟ್ಟಿ ಕಟ್ತಾಳೆ ಅಷ್ಟೆ" ಎಂದಳು ಹುಡುಗಿ. ಕೋಪದಿಂದ ಹೇಳಿದ ಮಾತಲ್ಲ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಹೇಳುವಷ್ಟು ಸಹಜವಾಗಿ ಹೇಳಿದಳು. ಅಡುಗೆಮನೆಯಲ್ಲಿದ್ದ ತಾಯಿಗೆ ಆ ಮಾತು ಕೇಳಿಸಿತು, ಅದು ಸರಿಯೆಂದೂ ಅನ್ನಿಸಿತು. ಕರುಳು ಚುರುಕ್ ಅನ್ನಬೇಕಾಗಿತ್ತು, ಅನ್ನಲಿಲ್ಲ. ಭಯವಾದದ್ದು ಅದಕ್ಕೆ. ಇನ್ನು ಇಲ್ಲೇ ಉಳಿದರೆ ಮಗಳು ಕೈಬಿಟ್ಟು ಹೋಗುತ್ತಾಳೆ, ಹೋದದ್ದೂ ತನಗೆ ತಿಳಿಯುವುದಿಲ್ಲ ಎಂದು ಅವಳಿಗೆ ಖಚಿತವಾಯಿತು.

ಗಂಡ ಬಸ್ಸಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನ ಪ್ರಕಾರ ಎಲ್ಲದಕ್ಕೂ ಒಂದು ಸುಲಭದ ದಾರಿ ಇರುತ್ತದೆ. "ನಾಲ್ಕು ದಿನ ಕೆಲಸ ಕೆಟ್ಟದಾಗಿ ಮಾಡು. ಅವರೇ ಕೈ ಮುಗಿದು ಕಳಿಸ್ತಾರೆ."

"ಇದೇನು ನಿಮ್ಮ ಬಸ್ಸಿನ ಬ್ರೇಕಾ, ಕೆಟ್ಟರೆ ಆಮೇಲೆ ಸರಿ ಮಾಡೋಕೆ? ಮನುಷ್ಯರ ಚರ್ಮ ಕಣ್ರೀ."

"ಬ್ರೇಕೂ ಕೆಡಬಾರದು ಕಣೇ," ಎಂದು ಅವನು ತಲೆ ಕೆರೆದುಕೊಂಡ.

ಅವಳು ಕುಳಿತು ಯೋಚಿಸಿದಳು. ತನ್ನನ್ನು ಕಟ್ಟಿಹಾಕಿದ್ದು ಕೈಗುಣ ತಾನೆ? ಹಾಗಾದರೆ ಅದೇನು ಎಂದು ಒಮ್ಮೆ ಬಿಚ್ಚಿ ನೋಡಬೇಕು. ನೋಡಿದರೆ, ಅದರಲ್ಲಿ ಇದ್ದದ್ದೇನು, ನೀರು! ನೋವಿನ ಇಂಜೆಕ್ಷನ್ ಕೊಟ್ಟು ಅದು ಮೈಗೆ ಹತ್ತುವವರೆಗೆ ಕಾಯುವುದು. ಕಿಟಕಿ ಮುಚ್ಚಿ ಕೋಣೆ ಬೆಚ್ಚಗೆ ಮಾಡುವುದು. ಉಪ್ಪುನೀರಿನ ಬಾಟಲಿಯನ್ನು ಉಗುರುಬೆಚ್ಚಗೆ ಮಾಡಿ ಪಟ್ಟಿಯ ಮೇಲೆ ಹನಿಸುವುದು, ಕಾಯುವುದು, ಮತ್ತೆ ಹನಿಸುವುದು. ಅಂಟು ತಾನಾಗಿ ಬಿಟ್ಟಾಗ ಎತ್ತುವುದು. ರೋಗಿ ಸಾಕು ಅಂದರೆ ನಿಲ್ಲಿಸುವುದು. ಇಷ್ಟೇ. ಬೇರೆ ಸಿಸ್ಟರುಗಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಪುಸ್ತಕದಲ್ಲೇ ಇದೆ. ಅವರಿಗೆ ಪುರುಸೊತ್ತಿರಲಿಲ್ಲ. ಒಂದು ಕೈಯಲ್ಲಿ ಡ್ರಿಪ್ಪು, ಇನ್ನೊಂದು ಕೈಯಲ್ಲಿ ಫೋನು, ನಡುವೆ ಡ್ರೆಸ್ಸಿಂಗು. ಇವಳಿಗಾದರೋ, ಕೈಗುಣ ಇದೆ ಎಂದು ಬೇರೆಲ್ಲ ಕೆಲಸ ತಪ್ಪಿಸಿ ಡ್ರೆಸ್ಸಿಂಗ್ ಒಂದನ್ನೇ ಕೊಟ್ಟಿದ್ದರು. ಕೈಗುಣ ಇದೆಯೆಂದು ಹೊತ್ತು ಕೊಟ್ಟರು, ಹೊತ್ತು ಕೊಟ್ಟದ್ದರಿಂದ ಕೈಗುಣ ಬಂತು!

ಇದನ್ನು ಅಂದೇ ಹೇಳಬಹುದಿತ್ತು. ಆ ಅಜ್ಜಿ ಹೊಗಳಿದ ದಿನವೇ, "ಅಜ್ಜೀ, ನನ್ನ ಕೈಯಲ್ಲೇನೂ ಇಲ್ಲ, ನೆನೆಸಿದೆ ಅಷ್ಟೆ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊಗಳಿಕೆ ಯಾರಿಗೆ ಕಹಿ? ನಕ್ಕು ಸುಮ್ಮನಾದಳು. ನಕ್ಕು ನಕ್ಕು ಅಲ್ಲೇ ಬೇರುಬಿಟ್ಟಳು.

ಮರುದಿನ ದೊಡ್ಡ ಸಿಸ್ಟರಿಗೆ ಇದನ್ನೆಲ್ಲ ಹೇಳಿದಳು. ಅವರು ನಂಬಲಿಲ್ಲ.

"ವಿನಯ ಸಾಕು. ಆ ಹೊಸ ಸಿಸ್ಟರ್ ಇದಾಳಲ್ಲ, ಅವಳಿಗೂ ನೀರು ಸಿಗುತ್ತೆ, ಬಾಟ್ಲಿ ಸಿಗುತ್ತೆ. ಅವಳು ಕೋಣೆಗೆ ಹೋದ್ರೆ ಯಾಕೆ ರೋಗಿಗಳು ಊರು ಒಂದು ಮಾಡ್ತಾರೆ?"

"ಅವಳಿಗೆ ನನ್ನಷ್ಟು ಹೊತ್ತು ಕೊಡಿ ಮೇಡಂ. ಒಂದೇ ಒಂದು ಸಲ. ನೀವೇ ನಿಂತು ನೋಡಿ."

ದೊಡ್ಡ ಸಿಸ್ಟರ್ ಕನ್ನಡಕ ಹಾಕಿಕೊಂಡು ಇವಳ ಮುಖವನ್ನೇ ನೋಡಿದರು. "ಆಗ್ಲಿ. ಬೇಕರಿಯವರದ್ದು ಮಾಡ್ಲಿ. ಅವರನ್ನ ಸುಮ್ಮನಿರಿಸಿದ್ರೆ ಒಪ್ಕೋತೀನಿ."

ಬೇಕರಿ ಯಜಮಾನರು ಎಂದರೆ ಆ ವಾರ್ಡಿನ ಅತಿ ದೊಡ್ಡ ದೇಹ, ಅತಿ ದೊಡ್ಡ ಗಂಟಲು. ಬೇಕರಿಯ ಹಿಂದಿನ ಕೋಣೆಯಲ್ಲಿ ಜಾರಿ ಬೋರಲು ಬಿದ್ದಾಗ ಬಾಣಲೆಯ ಬಿಸಿ ಎಣ್ಣೆ ಬೆನ್ನ ಮೇಲೆ ಸುರಿದಿತ್ತು. ಹಾಗಾಗಿ ಸದಾ ಹೊಟ್ಟೆ ಕೆಳಗೆ ಮಾಡಿ ಮಲಗಿರುತ್ತಿದ್ದರು, ಎದುರಿಗೆ ಕಾಣುವುದು ದಿಂಬು ಮತ್ತು ಮಾತಾಡಿಸಲು ಬಂದವರ ಚಪ್ಪಲಿ ಮಾತ್ರ. ಹೊಸ ಸಿಸ್ಟರ್ ಒಮ್ಮೆ ಟ್ರೇ ಹಿಡಿದು ಬಂದಾಗ, "ಬೆಣ್ಣೆ ಸಿಸ್ಟರ್ ಬರ್ಲಿ. ಇನ್ಯಾರಿಗೂ ನಾನು ಬೆನ್ನು ತೋರ್ಸೋನಲ್ಲ" ಎಂದು ಹೂಂಕರಿಸಿ ಕಳಿಸಿದ್ದರು. ಆ ಹುಡುಗಿ ಬಾತ್‌ರೂಮಿಗೆ ಹೋಗಿ ಅತ್ತು ಬಂದಿದ್ದಳು.

ಆ ದಿನ ಬೆಳಿಗ್ಗೆ ಡ್ರೆಸ್ಸಿಂಗ್ ಕೋಣೆಯಲ್ಲಿ ಬೆಣ್ಣೆ ಸಿಸ್ಟರ್ ಒಂದು ಸ್ಟೂಲು ಎಳೆದುಕೊಂಡು ಯಜಮಾನರ ತಲೆಯ ಹತ್ತಿರ ಕೂತಳು. ಬೆನ್ನ ಹತ್ತಿರ ಹೊಸ ಸಿಸ್ಟರ್, ಬಾಗಿಲ ಬಳಿ ದೊಡ್ಡ ಸಿಸ್ಟರ್. ಯಜಮಾನರಿಗೆ ಕಂಡದ್ದು ದಿಂಬು, ಕೇಳಿದ್ದು ಬೆಣ್ಣೆ ಸಿಸ್ಟರ್ ದನಿ. ಅವಳು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ.

"ಯಜಮಾನ್ರೇ, ಬನ್ನು ಯಾಕೆ ಒಂದೊಂದ್ಸಲ ಉಬ್ಬಲ್ಲ?"

"ಅಯ್ಯೋ ಅದೊಂದು ದೊಡ್ಡ ಕಥೆ ತಾಯೀ," ಎಂದು ಯಜಮಾನರು ಶುರುಮಾಡಿದರು. ಈಸ್ಟಿನ ಮುನಿಸು, ಹಿಟ್ಟಿನ ಹಟ, ಚಳಿ ದಿನದ ಕಷ್ಟ, ಪಕ್ಕದ ಬೀದಿಯ ಬೇಕರಿಯವನ ಕಳ್ಳಾಟ. ಹೊಸ ಸಿಸ್ಟರ್ ಹಣೆಯ ಮೇಲೆ ಬೆವರೊಡೆದು ನೀರು ಹನಿಸುತ್ತಿದ್ದಳು, ಕಾಯುತ್ತಿದ್ದಳು. ಕೊನೆಯ ಪಟ್ಟಿ ಬಿಟ್ಟು ಬಂದಾಗ ಯಜಮಾನರು ಇನ್ನೂ ಆ ಪಕ್ಕದ ಬೀದಿಯಲ್ಲೇ ಇದ್ದರು.

"ಮುಗೀತಾ? ನೋಡಿದ್ರಾ, ಇದಕ್ಕೇ ನಾನು ಹೇಳೋದು. ನಿಮ್ಮ ಕೈಗುಣ ಅಂದ್ರೆ ಕೈಗುಣ!"

ಬೆಣ್ಣೆ ಸಿಸ್ಟರಿಗೆ ಕುಣಿದಾಡುವಷ್ಟು ಖುಷಿಯಾಯಿತು. ಹೊರಗೆ ಬಂದು ದೊಡ್ಡ ಸಿಸ್ಟರ್ ಮುಖ ನೋಡಿದಳು. ಅವರು ತಲೆದೂಗಿದರು. "ನೀನು ಹೇಳಿದ್ದು ಸರಿ. ಕೈಯಲ್ಲೇನೂ ಇಲ್ಲ."

"ಹಾಗಾದ್ರೆ ಮೇಡಂ..."

"ಇರೋದೆಲ್ಲ ನಿನ್ನ ಮಾತಲ್ಲಿ. ಆ ಮನುಷ್ಯನಿಗೆ ಬೆನ್ನಿದೆ ಅನ್ನೋದೇ ಮರೆತುಹೋಗಿತ್ತು! ನಿನ್ನನ್ನ ಹೇಗೆ ಬಿಡೋದು?"

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕೈ ಹೋಗಿ ಬಾಯಿ ಬಂತು, ಹಗ್ಗ ಮಾತ್ರ ಅದೇ. ಬೆಣ್ಣೆ ಸಿಸ್ಟರ್ ಆವತ್ತು ಮೊದಲ ಬಾರಿಗೆ ದನಿ ಏರಿಸಿದಳು. "ಮುಂದಿನ ಸಲ ನಾನು ಆ ಕೋಣೇಲೇ ಇರಲ್ಲ ಮೇಡಂ. ಅವಳೊಬ್ಬಳೇ ಮಾಡ್ಲಿ. ನೀವು ಒಳಗಿರಿ, ನಾನು ಹೊರಗಿರ್ತೀನಿ. ಆಮೇಲೆ ನಿಮ್ಮ ಹತ್ರ ಇನ್ನೊಂದು ನೆಪ ಇರಬಾರ್ದು."

ಏರಿದ ದನಿಗೋ ಏನೋ, ದೊಡ್ಡ ಸಿಸ್ಟರ್ ಬೇಸರಪಟ್ಟುಕೊಳ್ಳದೆ ಒಪ್ಪಿದರು.

ಯಜಮಾನರಿಂದ ಇನ್ನು ಮುಚ್ಚಿಡುವುದು ಸರಿಯಲ್ಲ ಅನ್ನಿಸಿ ಬೆಣ್ಣೆ ಸಿಸ್ಟರ್ ಆ ಮಧ್ಯಾಹ್ನವೇ ಹೋಗಿ ನಡೆದದ್ದನ್ನು ಹೇಳಿದಳು. ಅವರು ಮೊದಲು ದಿಂಬಿನೊಳಗೆ ಮುಖ ಹುದುಗಿಸಿ ಮುನಿಸಿಕೊಂಡರು. ಆಮೇಲೆ ಮಂಚ ಕಿರುಗುಟ್ಟತೊಡಗಿತು. ನೋಡಿದರೆ ನಗುತ್ತಿದ್ದಾರೆ!

"ನಾನೂ ಅದನ್ನೇ ಮಾಡೋದು ತಾಯೀ. ಜನ ನಿಮ್ಮ ಕೈ ಬನ್ನು ಅಂದ್ರೆ ಬನ್ನು ಅಂತಾರೆ. ನಾನು ಹಿಟ್ಟಿಗೆ ಕೈ ಹಾಕಿ ಎಷ್ಟು ಕಾಲ ಆಯ್ತೋ! ನಾದೋದು ಮಿಷಿನ್ನು, ಬೇಯ್ಸೋದು ನನ್ನ ಭಾವಮೈದ. ನಾನು ಗಲ್ಲಾದಲ್ಲಿ ಕೂತು ಹ್ಞೂಂ ಹ್ಞೂಂ ಅಂತಿರ್ತೀನಿ." ನಗು ಬೆನ್ನಿಗೆ ತಾಗಿ ನೋವಾಗಿರಬೇಕು, ಸ್ವಲ್ಪ ತಡೆದು ಕೇಳಿದರು, "ಯಾಕೆ ಹೋಗ್ಬೇಕು ನಿಮಗೆ? ನಾವೇನಾದ್ರೂ ಅಂದ್ವಾ?"

ಅಷ್ಟು ವರ್ಷದಲ್ಲಿ ಯಾಕೆ ಎಂದು ಕೇಳಿದ ಮೊದಲ ಮನುಷ್ಯ ಅವರೇ. ಸ್ಟೂಲಿನ ಮೇಲೆ ಕೂತು ಮಗಳ ವಿಷಯವನ್ನು ಅವರಿಗೆ ಹೇಳಿದಳು. ಮುಖ ಕಾಣದವರಿಗೆ ಹೇಳುವುದು ಸುಲಭವಾಯಿತು. ಯಜಮಾನರು ಎಲ್ಲ ಕೇಳಿ, "ನಾಡಿದ್ದು ಆ ಹುಡುಗೀನೇ ಬರ್ಲಿ. ನಾನು ಹಲ್ಲು ಕಚ್ಕೊಂಡು ಇರ್ತೀನಿ. ಆದ್ರೆ ಗ್ಯಾರಂಟಿ ಇಲ್ಲ ತಾಯೀ, ನಾನು ದೊಡ್ಡ ಪುಕ್ಕಲ" ಅಂದರು.

ಹೊಸ ಸಿಸ್ಟರ್ ಇವಳನ್ನು ಹುಡುಕಿಕೊಂಡು ಬಂದಳು. "ಅಕ್ಕಾ, ಅವರು ಕೂಗಿದ್ರೆ ನಾನೇನು ಮಾಡ್ಲಿ?"

"ನಿಲ್ಲಿಸು. ಇನ್ನಷ್ಟು ನೀರು ಹಾಕು. ಅವಸರ ಪಡಬೇಡ, ಯಾರು ಕರೆದ್ರೂ ಹೋಗಬೇಡ. ಇನ್ನೊಂದು ಮಾತು. ಯಾರಾದ್ರೂ ನಿಂಗೊಂದು ಹೆಸರಿಟ್ರೆ ಒಪ್ಕೋಬೇಡ, ಆಯ್ತಾ?"

ಹುಡುಗಿಗೆ ಅರ್ಥವಾಗಲಿಲ್ಲ. ಆದರೂ ಹ್ಞೂಂ ಅಂದಳು.

ಹೇಳಿದ ದಿನ ಬಂತು. ಬಾಗಿಲು ಮುಚ್ಚಿತು. ಬೆಣ್ಣೆ ಸಿಸ್ಟರ್ ಕಾರಿಡಾರಿನ ಬೆಂಚಿನ ಹತ್ತಿರ ನಿಂತಳು. ಕೂರಲು ಮನಸ್ಸಾಗಲಿಲ್ಲ. ಅವಳ ಕೈಯಲ್ಲಿ ಕೆಲಸವಿರಲಿಲ್ಲ. ಕೈಗೆ ಗ್ಲೌಸಿರಲಿಲ್ಲ. ಆ ಬಾಗಿಲಿನ ಹೊರಗೆ ಹೀಗೆ ಸುಮ್ಮನೆ ನಿಂತದ್ದು ನೆನಪೇ ಇಲ್ಲ. ಕಿಟಕಿಯಾಚೆ ಯಾರೋ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತ ಎರಡು ಸುತ್ತು ಹೊಡೆದರು. ಬಟ್ಟೆಯ ಗಾಡಿ ತಳ್ಳುತ್ತ ಬಂದ ಆಯಾ, "ಏನು ಸಿಸ್ಟರ್, ಇವತ್ತು ಯಜಮಾನಿ ಥರ ನಿಂತಿದೀರ?" ಎಂದು ರೇಗಿಸಿ ಹೋದಳು. ಒಳಗೆ ನೀರು ಬೀಳುವ ಸದ್ದು, ಹುಡುಗಿಯ ಸಣ್ಣ ದನಿ, ಟ್ರೇಯ ಟಿಣ್. ಎಲ್ಲ ನೆಟ್ಟಗೆ ನಡೆಯುತ್ತಿತ್ತು.

ಆಗ ಯಜಮಾನರು ಕೂಗಿದರು.

"ಅಮ್ಮಾ!" ಎಂದರು. ಒಂದೇ ಒಂದು ಸಲ. ಅಷ್ಟು ದೊಡ್ಡ ಮನುಷ್ಯ ಎಳೆಯ ಮಗುವಿನ ಹಾಗೆ ಕೂಗಿದ್ದು ಬಾಗಿಲು ದಾಟಿ ಬಂದು ಬೆಣ್ಣೆ ಸಿಸ್ಟರ್ ಎದೆಗೆ ಬಡಿಯಿತು. ಎದೆ ಝಲ್ಲೆಂದಿತು. ಬೆಂಚಿನ ಮೇಲೆ ಕುಸಿದು ಕೂತಳು. ಅಯ್ಯೋ ದೇವರೇ, ಎಷ್ಟು ನೋಯುತ್ತಿದೆಯೋ ಅವರಿಗೆ! ಎದ್ದು ಒಳಗೆ ನುಗ್ಗಬೇಕು, ಆ ಹುಡುಗಿಯ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸಿತು. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಲ್ಲಿಸ್ದೆ ಯಜಮಾನ್ರೇ, ನಿಲ್ಲಿಸ್ದೆ," ಒಳಗಿನಿಂದ ಹುಡುಗಿಯ ದನಿ ಕೇಳಿತು. "ಇನ್ನಷ್ಟು ನೀರು ಹಾಕ್ತೀನಿ. ನೀವು ಹ್ಞೂಂ ಅಂದ್ಮೇಲೇ ಮುಂದಕ್ಕೆ."

ಮತ್ತೆ ನೀರಿನ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಯಜಮಾನರ "ಹ್ಞೂಂ." ಆಮೇಲೆ ಮತ್ತೆ ಕೂಗಲಿಲ್ಲ.

ಬೆಣ್ಣೆ ಸಿಸ್ಟರ್ ಅಳುತ್ತಿದ್ದಳು. ತಡೆಯಲಾಗದಂತೆ, ಮೂಗೆಲ್ಲ ಸೋರುವಂತೆ ಅಳುತ್ತಿದ್ದಳು. ಸಂಕಟವಾಗಿತ್ತು, ಸಂಕಟವಾಯಿತಲ್ಲ ಎಂದು ಸಂತೋಷವೂ ಆಗಿತ್ತು. ಈಗಲೇ ಮನೆಗೆ ಓಡಿಹೋಗಿ ಮಗಳನ್ನು ಅಪ್ಪಿಕೊಂಡು, ಆವತ್ತು ನಿಂಗೆ ತುಂಬಾ ಉರೀತಾ ಪುಟ್ಟಾ ಎಂದು ಕೇಳಬೇಕು ಅನ್ನಿಸಿತು. ಮಗಳು ಆಗ ಶಾಲೆಯಲ್ಲಿದ್ದಳು.

ಬಾಗಿಲು ತೆರೆದು ದೊಡ್ಡ ಸಿಸ್ಟರ್ ಹೊರಗೆ ಬಂದರು. ಮಾಸ್ಕು ಕೆಳಗಿಳಿಸಿ, "ಪರವಾಗಿಲ್ಲ, ಹುಡುಗಿ ಕಲಿತಿದಾಳೆ" ಅಂದರು. "ನೀನಿಲ್ದೇನೂ ಆ ಮನುಷ್ಯ ತುಟಿಪಿಟಿಕ್ ಅನ್ಲಿಲ್ಲ. ನಾನು ಸೋತೆ, ಆಯ್ತಾ?" ಆಮೇಲೆ ಇವಳ ಮುಖ ಕಂಡಿತು. "ಇದೇನಿದು, ಯಾಕೆ ಅಳ್ತಾ ಇದೀಯ?"

"ಅವರು ಹಾಗೆ ಕೂಗಿದ್ರಲ್ಲ ಮೇಡಂ."

"ಯಾರು?"

"ಯಜಮಾನ್ರು. ಅಮ್ಮಾ ಅಂತ."

ದೊಡ್ಡ ಸಿಸ್ಟರ್ ಅವಳನ್ನೇ ನೋಡಿದರು. ಅಷ್ಟರಲ್ಲಿ ಟ್ರೇ ಹಿಡಿದು ಹೊರಬಂದ ಹೊಸ ಸಿಸ್ಟರ್ ತನ್ನನ್ನೇ ಬೈಯುತ್ತಿದ್ದಾರೆಂದುಕೊಂಡು, "ಹೌದು ಮೇಡಂ, ಭುಜದ ಹತ್ರ ಸ್ವಲ್ಪ ಒಣಗಿತ್ತು. ಕೂಗಿದ ತಕ್ಷಣ ನಿಲ್ಲಿಸ್ದೆ, ನೀವೂ ನೋಡಿದ್ರಲ್ಲ" ಅಂದಳು.

"ನಿಲ್ಲಿಸಿದ್ದು ನೋಡ್ದೆ," ಎಂದರು ದೊಡ್ಡ ಸಿಸ್ಟರ್ ನಿಧಾನವಾಗಿ. "ಯಾಕೆ ನಿಲ್ಲಿಸಿದ್ಲೋ ಅಂದ್ಕೊಂಡೆ."

ಹುಡುಗಿ ಇಬ್ಬರ ಮುಖವನ್ನೂ ನೋಡಿ, ಏನೂ ತಿಳಿಯದೆ ಟ್ರೇ ತೊಳೆಯಲು ಹೋದಳು. ದೊಡ್ಡ ಸಿಸ್ಟರ್ ಬೆಂಚಿನ ಮೇಲೆ ಬೆಣ್ಣೆ ಸಿಸ್ಟರ್ ಪಕ್ಕದಲ್ಲಿ ಕೂತರು. ಅವರು ಕಾರಿಡಾರಿನಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಡ್ರೆಸ್ಸಿಂಗ್ ಕೋಣೆಯ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಏಪ್ರನ್ನಿನ ಜೇಬಿನಿಂದ ಮಡಚಿದ ಅರ್ಜಿ ತೆಗೆದು, ಮಂಡಿಯ ಮೇಲಿಟ್ಟುಕೊಂಡು ಸಹಿ ಹಾಕಿ, ಅವಳ ಕೈಗೆ ಕೊಟ್ಟರು.

"ಈ ಹುಡುಗೀನ ಇಲ್ಲಿ ಜಾಸ್ತಿ ದಿನ ಇಟ್ಕೋಬಾರ್ದು," ಅಂದರು. "ಎಲ್ಲರಿಗೂ ಸರದಿ ಹಾಕ್ತೀನಿ. ಎಲ್ಲರಿಗೂ ಹೊತ್ತು ಕೊಡ್ತೀನಿ."

"ಸರಿ ಮೇಡಂ."

ದೊಡ್ಡ ಸಿಸ್ಟರ್ ಎದ್ದು ಎರಡು ಹೆಜ್ಜೆ ಹೋದವರು ನಿಂತರು. ತಿರುಗಿ ನೋಡಲಿಲ್ಲ.

"ಆ ಕಣ್ಣಿನ ವಿಭಾಗದಲ್ಲಿ, ಇನ್ನೊಬ್ಬರಿಗೇನಾದ್ರೂ ಜಾಗ ಇದೆಯಂತಾ?"

"ಕೇಳ್ತೀನಿ ಅಕ್ಕಾ," ಎಂದಳು ಬೆಣ್ಣೆ ಸಿಸ್ಟರ್. "ಇವತ್ತೇ ಹೋಗಿ ಕೇಳ್ತೀನಿ."